ಮತ್ತೆ ಎಂತ? ಎಂತ ಇಲ್ಲ

ಕಳೆದ ವಾರ ಕಾರ್ಕಳ ಪೇಟೆಯ ಜವಳಿ ಅಂಗಡಿಯೊಂದರ ಬಾಗಿಲಲ್ಲಿ ನಿಲ್ಲಿಸಿದ್ದ ಗೊಂಬೆಗೆ ನಾನು ಹುಬ್ಬು ಹಾರಿಸಿದೆ. ತಿಳಿನೀಲಿ ಅಂಗಿ ತೊಟ್ಟು, ಒಂದು ಕೈಯನ್ನು ಪ್ಯಾಂಟಿನ ಜೇಬಿನ ಹತ್ತಿರ ಇಟ್ಟುಕೊಂಡು, ಆಫೀಸಿಗೆ ಹೊರಟವರ ಹಾಗೆಯೇ ಅದು ನಿಂತಿತ್ತು. ಕಣ್ಣಿಗೆ ಕಣ್ಣು ಸಿಕ್ಕಿತು, ಹುಬ್ಬು ತಾನಾಗಿ ಮೇಲೆ ಹೋಯಿತು. ಆ ಕಡೆಯಿಂದ ಉತ್ತರ ಬರಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ನಾನು ಯಾರಿಗೂ ಹೇಳುತ್ತಿರಲಿಲ್ಲ. ಆದರೆ ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೂ ‘ಎಂಥ ಜಂಬ ಇವನಿಗೆ’ ಎಂದು ನನಗೆ ಒಳಗೊಳಗೇ ಬೇಸರವಾಗುತ್ತಿತ್ತು. ಜೊತೆಗಿದ್ದ ಹೆಂಡತಿ ವಸಂತಿ, “ಯಾರದು, ನಿಮ್ಮ ಆಫೀಸಿನವರಾ?” ಎಂದು ಕೇಳಿದಳು. ನಗಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ, ನಗುವುದಕ್ಕಿಂತ ಗಂಭೀರವಾಗಿ ವಿಚಾರಿಸಿದರೆ ನನಗೆ ಹೆಚ್ಚು ನಾಟುತ್ತದೆ ಎಂದು ಅವಳಿಗೆ ಗೊತ್ತಾಗಿದೆ.

ಇದರಲ್ಲಿ ನನ್ನ ತಪ್ಪು ಅಷ್ಟೇನೂ ಇಲ್ಲ, ತಪ್ಪು ನಮ್ಮ ಆಫೀಸಿನ ಕಾರಿಡಾರಿನದು. ನಾನಿರುವುದು ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ, ಕೆಲಸ ಮಣಿಪಾಲದ ಒಂದು ಕಾಲೇಜಿನ ಆಡಳಿತ ಕಚೇರಿಯಲ್ಲಿ. ಎರಡನೇ ಮಹಡಿಯ ಈ ತುದಿಯಲ್ಲಿ ನಮ್ಮ ಪರೀಕ್ಷಾ ವಿಭಾಗ, ಆ ತುದಿಯಲ್ಲಿ ಹಮೀದರ ಸ್ಟೋರು. ಕಾಗದ, ಪೆನ್ನು, ಗಮ್ಮು, ಗುಂಡುಪಿನ್ನು ಎಲ್ಲ ಅವರ ವಶದಲ್ಲಿ. ಕಟ್ಟಡ ಕಟ್ಟಿಸಿದ ಪುಣ್ಯಾತ್ಮರು ಕುಡಿಯುವ ನೀರಿನ ಫಿಲ್ಟರನ್ನು ಅವರ ತುದಿಗೂ ಗಂಡಸರ ಶೌಚಾಲಯವನ್ನು ನಮ್ಮ ತುದಿಗೂ ಇಟ್ಟಿದ್ದಾರೆ. ನನಗೆ ಬಾಯಾರಿದಾಗ ನಾನು ಆ ಕಡೆ ಹೋಗಬೇಕು, ಕುಡಿದ ನೀರಿನ ಪರಿಣಾಮವಾಗಿ ಹಮೀದರು ಈ ಕಡೆ ಬರಬೇಕು. ನಡುವೆ ಅರುವತ್ತು ಹೆಜ್ಜೆಯ ಕಾರಿಡಾರು, ಅದರಲ್ಲಿ ಒಂದೇ ಒಂದು ಕಂಬವೂ ಇಲ್ಲ. ಹತ್ತೊಂಬತ್ತು ವರ್ಷ ನಾವಿಬ್ಬರೂ ಅಲ್ಲಿ ಪ್ರತಿದಿನ ಎದುರೆದುರು ನಡೆದಿದ್ದೇವೆ.

ಈ ಹಮೀದರಿಗೆ ಒಮ್ಮೆ ನನ್ನಲ್ಲಿ ಹೇಳಲೇಬೇಕಾದ ಮಾತೊಂದಿತ್ತು. ಅವರು ಹೇಳಿದರು, ನಾನು ನಿಲ್ಲದೆ ಹೋಗಿಬಿಟ್ಟೆ. ಎರಡು ವರ್ಷದ ಹಿಂದಿನ ಆ ಸಂಗತಿಯನ್ನು ಬರೆಯಬೇಕೆಂದೇ ಕೂತದ್ದು. ಗೊಂಬೆ ನಡುವೆ ಬಂತು.

ಎದುರಾಗುವುದು ಎಂದರೆ ಸುಲಭದ ಕೆಲಸವೆಂದು ನೀವು ತಿಳಿದಿರಬಹುದು. ಅರುವತ್ತು ಹೆಜ್ಜೆ ದೂರದಲ್ಲಿ ಒಬ್ಬ ಮನುಷ್ಯ ಕಾಣಿಸಿಕೊಳ್ಳುತ್ತಾನೆ. ಆಗಲೇ ನಗಲಿಕ್ಕೆ ಶುರು ಮಾಡಿದರೆ ಹತ್ತಿರ ಬರುವಷ್ಟರಲ್ಲಿ ಕೆನ್ನೆ ಸೋಲುತ್ತದೆ. ನಗದಿದ್ದರೆ ಕಂಡೂ ಕಾಣದ ಹಾಗೆ ಬರುತ್ತಿದ್ದಾನೆ ಎಂಬ ಅಪವಾದ. ಆದ್ದರಿಂದ ದೂರದಲ್ಲಿ ನೆಲ ನೋಡಬೇಕು, ಅರ್ಧ ದಾರಿಯಲ್ಲಿ ಕಿಟಕಿಯ ಹೊರಗೆ ಏನೋ ಮುಖ್ಯವಾದದ್ದು ಉಂಟು ಎಂಬಂತೆ ತಿರುಗಬೇಕು, ಎಂಟು ಹೆಜ್ಜೆ ಉಳಿದಾಗ ಆಗ ತಾನೇ ಕಂಡವರ ಹಾಗೆ ತಲೆ ಎತ್ತಬೇಕು. ದಿನದ ಮೊದಲ ಭೇಟಿಯಲ್ಲಿ ಮಾತು ಕಡ್ಡಾಯ. ನಾನು “ಮತ್ತೆ ಎಂತ?” ಎನ್ನುತ್ತೇನೆ. ಹಮೀದರು “ಎಂತ ಇಲ್ಲ” ಎನ್ನುತ್ತಾರೆ. ಎರಡನೆಯ ಸಲ ಬರೀ “ಹ್ಞಾಂ”. ಮೂರನೆಯ ಸಲ ಹುಬ್ಬು. ನಾಲ್ಕನೆಯದಕ್ಕೆ ಗದ್ದವನ್ನು ಒಂದು ಚೂರು ಮೇಲೆತ್ತಿದರೆ ಸಾಕು. ಅದಕ್ಕೂ ಮೇಲೆ ಸಿಕ್ಕಿದರೆ ಇಬ್ಬರಿಗೂ ಕಷ್ಟ, ಆಗ ನಾನು ನೋಟೀಸು ಬೋರ್ಡು ಓದುತ್ತೇನೆ. ದ್ವಿಚಕ್ರ ವಾಹನಗಳನ್ನು ಓರಣವಾಗಿ ನಿಲ್ಲಿಸುವ ಬಗ್ಗೆ ಅಲ್ಲಿರುವ ಸುತ್ತೋಲೆ ನನಗೆ ಬಾಯಿಪಾಠವಾಗಿದೆ. ನನ್ನಲ್ಲಿ ದ್ವಿಚಕ್ರ ವಾಹನ ಇಲ್ಲ.

ಕೆಲವೊಮ್ಮೆ ಎಡವಟ್ಟೂ ಆಗುತ್ತದೆ. ಒಂದು ದಿನ ನಾನು ಬಾಯಿ ತೆರೆಯುವ ಮೊದಲೇ ಹಮೀದರು “ಎಂತ ಇಲ್ಲ” ಎಂದರು. ನಾನೂ ಗಡಿಬಿಡಿಯಲ್ಲಿ “ಎಂತ ಇಲ್ಲ” ಎಂದೆ. ಇಬ್ಬರೂ ಸಮಾಧಾನದಿಂದಲೇ ನಮ್ಮ ನಮ್ಮ ತುದಿ ಸೇರಿದೆವು. ಇನ್ನೊಂದು ಸಲದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವರ ತಂದೆ ತೀರಿಕೊಂಡು, ವಾರದ ರಜೆ ಮುಗಿಸಿ ಬಂದಿದ್ದರು. ಅಂದು ಬೆಳಿಗ್ಗೆ ಬಸ್ಸಿನಲ್ಲಿ ಹಿರಿಯಡ್ಕದಿಂದ ಪರ್ಕಳದವರೆಗೂ ನಾನು ನಾಲ್ಕು ಒಳ್ಳೆಯ ಮಾತು ಜೋಡಿಸಿಕೊಂಡಿದ್ದೆ. ಕಾರಿಡಾರಿನಲ್ಲಿ ಅವರು ಎದುರಾದರು. ಬಾಯಿಯಿಂದ ಬಂದದ್ದು “ಮತ್ತೆ ಎಂತ?” ಎಂದೇ. ಅವರು ಒಂದು ಕ್ಷಣ ನನ್ನನ್ನು ನೋಡಿ “ಎಂತ ಇಲ್ಲ” ಎಂದರು. ಜೋಡಿಸಿಕೊಂಡಿದ್ದ ಮಾತು ಜೋಡಿಸಿಕೊಂಡ ಹಾಗೆಯೇ ಉಳಿಯಿತು.

ಇದು ನನಗೆ ಅಪ್ಪನಿಂದ ಬಂದದ್ದಿರಬೇಕು. ಅಪ್ಪ ಬಡಗಿ. ರಜೆಯ ದಿನಗಳಲ್ಲಿ ನಾನು ಅವರ ಉಳಿ ಸುತ್ತಿಗೆಯ ಚೀಲ ಹೊತ್ತು ಹಿಂದಿನಿಂದ ಹೋಗುತ್ತಿದ್ದೆ. ಒಮ್ಮೆ ಅಪ್ಪ ಹಲಸಿನ ಮರದ ಒಂದು ಇಡೀ ಬಾಗಿಲನ್ನು ತಲೆಯ ಮೇಲೆ ಹೊತ್ತುಕೊಂಡು ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದರು. ಎದುರಿನಿಂದ ಬಂದ ದೇಜು ಪೂಜಾರಿಯವರು ಬದಿಗೆ ಸರಿದು ತುಳುವಿನಲ್ಲಿ “ಎಂಚಿನ?” ಎಂದು ಕೇಳಿದರು. ಏನು ಎಂದು ಅರ್ಥ. ಅಪ್ಪ ಬಾಗಿಲಿನ ಅಡಿಯಿಂದ “ದಾಲಾ ಇಜ್ಜಿ” ಎಂದರು. ಏನೂ ಇಲ್ಲ ಎಂದು ಅರ್ಥ. ಪೂಜಾರಿಯವರು ಅದನ್ನು ನಂಬಿ ಮುಂದೆ ಹೋದರು. ತಲೆಯ ಮೇಲೆ ಬಾಗಿಲು, ಅದರಲ್ಲಿ ಚಿಲಕ ಸಹಿತ ಇತ್ತು. ನಾನು ಬಹಳ ಹೊತ್ತು ಯೋಚಿಸಿ, “ಅಪ್ಪ, ಬಾಗಿಲುಂಟು ಅಂತ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ. “ಅವನಿಗೆ ಕಾಣುವುದಿಲ್ವಾ?” ಎಂದರು ಅಪ್ಪ.

ಅಮ್ಮನ ರೀತಿ ಬೇರೆ. ಅದೇ ಬದುವಿನಲ್ಲಿ ಪೂಜಾರಿಯವರ ಹೆಂಡತಿ ಸಿಕ್ಕಿದರೆ ತಲೆಯ ಹೊರೆ ಕೆಳಗಿಳಿಯುತ್ತಿತ್ತು. ಸೊಂಟಕ್ಕೆ ಕೈ ಬರುತ್ತಿತ್ತು. ಮನೆಗೆ ಬರುವಾಗ ಆ ಮನೆಯ ಹಸು ಕರು ಹಾಕಿದ್ದರಿಂದ ಹಿಡಿದು ಮಗಳಿಗೆ ಬಂದ ಸಂಬಂಧ ಮುರಿದದ್ದರವರೆಗೆ ಎಲ್ಲ ಅಮ್ಮನಿಗೆ ಗೊತ್ತಾಗಿರುತ್ತಿತ್ತು. ಅಪ್ಪ ನಲವತ್ತು ವರ್ಷ ಪೂಜಾರಿಯವರನ್ನು ದಿನವೂ ವಿಚಾರಿಸಿದ್ದಾರೆ, ಅವರಿಗೆ ಮಕ್ಕಳೆಷ್ಟು ಎಂಬುದನ್ನು ಮಾತ್ರ ಅಮ್ಮನನ್ನು ಕೇಳಿ ತಿಳಿದುಕೊಳ್ಳಬೇಕಾಗಿತ್ತು.

ನಮ್ಮ ಆಫೀಸಿನಲ್ಲಿ ಇದನ್ನು ಸುಧಾರಿಸುವ ಪ್ರಯತ್ನ ಆಗಲಿಲ್ಲ ಎಂದಲ್ಲ. ಒಂದು ವರ್ಷ ಬೆಂಗಳೂರಿನಿಂದ ತರಬೇತುದಾರರೊಬ್ಬರು ಬಂದು, ಸಹೋದ್ಯೋಗಿಗಳನ್ನು ಹೆಸರು ಹಿಡಿದು ಮಾತಾಡಿಸಬೇಕು, ಕೈ ಕುಲುಕಬೇಕು, ಕಣ್ಣಲ್ಲಿ ಕಣ್ಣಿಟ್ಟು ‘ಇವತ್ತು ಹೇಗಿದ್ದೀರಿ’ ಎಂದು ಕೇಳಬೇಕು ಎಂದು ಇಡೀ ದಿನ ಕಲಿಸಿದರು. ಒಂದು ವಾರ ಎಲ್ಲರೂ ಪಾಲಿಸಬೇಕೆಂದು ಆದೇಶವೂ ಆಯಿತು. ಆ ಒಂದು ವಾರ ಗಂಡಸರೆಲ್ಲ ಹಿಂದಿನ ಮೆಟ್ಟಿಲಿನಿಂದ ಓಡಾಡಿದೆವು. ಹಮೀದರೂ ನಾನೂ ಆ ಮೆಟ್ಟಿಲ ತಿರುವಿನಲ್ಲೇ ಸಿಕ್ಕಿಬಿದ್ದೆವು. ಅವರು ಕೈ ಚಾಚಿದರು, ನನ್ನ ಬಲಗೈಯಲ್ಲಿ ನೀರಿನ ಬಾಟಲಿ ಇತ್ತು, ಅವರು ಬಾಟಲಿಯನ್ನೇ ಹಿಡಿದು ಕುಲುಕಿದರು. ಸೋಮವಾರದಿಂದ ಮತ್ತೆ ಹುಬ್ಬು ಶುರುವಾಯಿತು, ಎಲ್ಲರ ಮುಖದಲ್ಲೂ ಕಳೆ ಬಂತು.

ಇನ್ನು ಆ ಮಂಗಳವಾರದ ವಿಷಯ. ಬೆಳಿಗ್ಗೆ ಹತ್ತರ ಸುಮಾರಿಗೆ ಬಾಟಲಿ ಹಿಡಿದು ಹೊರಟಿದ್ದೆ. ಹಮೀದರು ಎದುರಾದರು. ದಿನದ ಮೊದಲ ಭೇಟಿ. “ಮತ್ತೆ ಎಂತ?” ಎಂದೆ. ಎಂದು ಎರಡು ಹೆಜ್ಜೆ ದಾಟಿಯೂ ಬಿಟ್ಟೆ. ಹಿಂದಿನಿಂದ ಅವರ ದನಿ ಬಂತು.

“ಉಂಟು.”

ಕಿವಿ ಕೇಳಿಸಿಕೊಂಡಿತು. ಕಾಲು ನಿಲ್ಲಲಿಲ್ಲ. ಹದಿನೇಳು ವರ್ಷದ ರೂಢಿಯ ಕಾಲು ಅದು, ಉತ್ತರ ಏನು ಬಂತೆಂದು ನೋಡಿ ನಡೆಯುವ ಜಾತಿಯದಲ್ಲ. ಫಿಲ್ಟರಿನ ಹತ್ತಿರ ತಲುಪಿ, ಬಾಟಲಿ ಅರ್ಧ ತುಂಬಿದ ಮೇಲೆ ನನಗೆ ತಲೆಗೆ ಹೋಯಿತು. ಉಂಟು ಎಂದರಲ್ಲ. ಎಂತ ಉಂಟು? ತಿರುಗಿ ನೋಡಿದರೆ ಕಾರಿಡಾರು ಖಾಲಿ.

ಕರೆದು ಕೇಳಬಹುದಿತ್ತು ಎಂದು ನೀವು ಹೇಳುವಿರಿ. ಎರಡನೆಯ ಭೇಟಿಗೆ ಮಾತಿಲ್ಲ ಎಂಬುದು ನಮ್ಮ ವ್ಯವಸ್ಥೆ. ಮಧ್ಯಾಹ್ನ ಎದುರಾದಾಗ ನಾನು ಕೇಳಬೇಕೆಂದು ಬಾಯಿ ತೆರೆಯುವುದರೊಳಗೆ ಅವರು “ಹ್ಞಾಂ” ಎಂದು ಹೋದರು. ಸಂಜೆ ಹುಬ್ಬು ಹಾರಿಸಿದರು, ಅದೂ ಎಂದಿನಷ್ಟು ಮೇಲೆ ಹೋಗಲಿಲ್ಲ. ರಾತ್ರಿ ಊಟ ಮಾಡುವಾಗ ವಸಂತಿಗೆ ಹೇಳಿದೆ. “ಒಬ್ಬ ಮನುಷ್ಯ ಬಾಯಿಬಿಟ್ಟು ಉಂಟು ಅಂದ ಮೇಲೆ ನೀವು ನೀರು ತುಂಬಿಸ್ಲಿಕ್ಕೆ ಹೋದ್ರಾ?” ಎಂದಳು. ಹೋದೆ ಎಂದೆ. ಅವಳು ಮಜ್ಜಿಗೆ ಬಡಿಸಿದಳು. ನನಗೆ ಊಟ ಸೇರಲಿಲ್ಲ.

ಬುಧವಾರ ಒಂದು ಉಪಾಯ ಹೊಳೆಯಿತು. ಸ್ಟೋರಿಗೇ ಹೋಗಿ ಗುಂಡುಪಿನ್ನು ಕೇಳಿದೆ. ಹಮೀದರು ಒಂದು ಡಬ್ಬಿ ಕೊಟ್ಟರು. ಒಂದು ನಿಮಿಷ ನಿಂತೆ. “ಇನ್ನೇನಾದರೂ ಬೇಕಾ ಆಚಾರ್ರೇ?” ಎಂದರು. ಬೇಡ ಎಂದು ಬಂದೆ. ಗುರುವಾರ ಬೆಳಿಗ್ಗೆ ಗಮ್ಮು ತಂದೆ, ಮಧ್ಯಾಹ್ನ ಮತ್ತೊಂದು ಗಮ್ಮು. ಕೇಳಬೇಕಾದ ಮಾತು ಗಂಟಲಿನವರೆಗೆ ಬಂದು, ಅಲ್ಲಿಂದ ಗಮ್ಮಾಗಿ ಹೊರಬೀಳುತ್ತಿತ್ತು. ನಮ್ಮ ವಿಭಾಗದ ಮೇಜಿನ ಮೇಲೆ ಸಾಲಾಗಿ ನಿಂತ ಬಾಟಲಿಗಳನ್ನು ನೋಡಿ ಸೂಪರಿಂಟೆಂಡೆಂಟರು ಅಂಟಿಸಲು ಮರುಮೌಲ್ಯಮಾಪನದ ಲಕೋಟೆ ಹೆಚ್ಚು ಬಂದಿದೆಯೇ ಎಂದು ವಿಚಾರಿಸಿದರು.

ಶುಕ್ರವಾರ ಮಧ್ಯಾಹ್ನ ಹಮೀದರು ನಮಾಜು ಮುಗಿಸಿ ಬಂದು ಸ್ಟೋರಿನ ಬೀಗ ತೆಗೆಯುತ್ತಿದ್ದರು. ನಾನು ಹೋಗಿ ನಿಂತೆ.

“ಗಮ್ಮಾ?” ಎಂದರು.

“ಅಲ್ಲ. ಮಂಗಳವಾರ ನೀವು ಉಂಟು ಅಂದ್ರಿ. ಎಂತ ಉಂಟು?”

ಹಮೀದರು ತೆಗೆದ ಬೀಗವನ್ನು ಬಾಗಿಲ ಕೊಂಡಿಗೆ ಸಿಕ್ಕಿಸಿದರು. “ಎಂತ ಇಲ್ಲ ಅದು,” ಎಂದು ಶುರು ಮಾಡಿದರು. “ಎದೆಗೆ ಹೋಗುವ ನರದಲ್ಲಿ ಬ್ಲಾಕ್ ಉಂಟಂತೆ. ಸ್ಟೆಂಟ್ ಹಾಕ್ಬೇಕು ಅಂತ ಹೇಳಿದ್ದಾರೆ. ನಾಳೆ ಬೆಳಿಗ್ಗೆ.”

“ನಾಳೆಯಾ?”

“ಹೌದು. ಜೊತೆಯಲ್ಲಿ ಒಬ್ರು ಬೇಕಂತೆ, ಸಹಿ ಹಾಕ್ಲಿಕ್ಕೆ. ಯಾರೂ ಇಲ್ಲದೆ ಮಾಡುವುದಿಲ್ಲ ಅಂತ ಹೇಳ್ತಾರೆ.”

“ಮನೆಯಲ್ಲಿ?”

“ಅವಳು ಮಗಳ ಹೆರಿಗೆಗೆ ದುಬೈಗೆ ಹೋಗಿದ್ದಾಳೆ. ಈ ವಾರವೋ ಮುಂದಿನ ವಾರವೋ ಅಂತ ಉಂಟು. ಇದು ಗೊತ್ತಾದ್ರೆ ಮಗಳನ್ನು ಅಲ್ಲೇ ಬಿಟ್ಟು ವಿಮಾನ ಹತ್ತುತ್ತಾಳೆ. ಹೇಳ್ಲಿಕ್ಕೆ ಆಗುವುದಿಲ್ಲ.”

“ನಿಮ್ಮ ತಮ್ಮ ಕಾಪುವಿನಲ್ಲೇ ಇದ್ದಾರಲ್ಲ?”

“ತಮ್ಮನಿಗೆ ಹೇಳುವುದೂ ಕಾಪು ಪೇಟೆಯಲ್ಲಿ ಮೈಕ್ ಹಿಡಿದು ಹೇಳುವುದೂ ಒಂದೇ. ಅರ್ಧ ಗಂಟೆಯಲ್ಲಿ ದುಬೈಗೆ ತಲುಪ್ತದೆ.”

“ಯಾರೂ ಸಿಗದಿದ್ರೆ?”

“ಮುಂದೆ ಹಾಕುವ ಅಂತ ಇದ್ದೆ. ಡಾಕ್ಟ್ರು ಹಾಗೆ ಮಾಡ್ಬೇಡಿ ಅಂದಿದ್ದಾರೆ.”

“ನಮ್ಮ ಆಫೀಸಿನಲ್ಲಿ ಯಾರಿಗಾದರೂ ಹೇಳಬಹುದಿತ್ತಲ್ಲ ಹಮೀದರೇ.”

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. “ಹೇಳಿದೆನಲ್ಲ ಮಾರಾಯ್ರೇ, ಮಂಗಳವಾರ,” ಎಂದರು.

ನನಗೆ ಅಲ್ಲೇ ನೆಲ ಬಾಯಿಬಿಡಬಾರದೇ ಅನಿಸಿತು. ಹದಿನೇಳು ವರ್ಷ ಎಂತ ಎಂತ ಎಂದು ಕೇಳಿದವನು ನಾನೊಬ್ಬನೇ. ಹೇಳಿಕೊಳ್ಳಲಿಕ್ಕೆ ಯಾರಿದ್ದಾರೆ ಎಂದು ಅವರು ಯೋಚಿಸಿದಾಗ, ಕೇಳಿದವನ ಹತ್ತಿರವೇ ಹೇಳುವ ಎಂದುಕೊಂಡಿದ್ದಾರೆ. ಅವರ ಲೆಕ್ಕದಲ್ಲಿ ತಪ್ಪೇನಿದೆ? “ಎಷ್ಟು ಗಂಟೆಗೆ ಬರಲಿ?” ಎಂದು ಕೇಳಿದೆ. ಏಳೂವರೆ ಎಂದರು. ಹೊರಡುವಾಗ ಅವರೇ ಒಂದು ಗಮ್ಮಿನ ಬಾಟಲಿ ಕೊಟ್ಟರು, ನಾನು ಬೇಡವೆನ್ನದೆ ತೆಗೆದುಕೊಂಡೆ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಉಡುಪಿಗೆ ಹೋದೆ. ವಸಂತಿ ಒಂದು ಫ್ಲಾಸ್ಕಿನಲ್ಲಿ ಗಂಜಿತಿಳಿ ಕಟ್ಟಿಕೊಟ್ಟಿದ್ದಳು, ಕುಡಿಯಬಹುದೇ ಎಂದು ಡಾಕ್ಟರನ್ನು ಕೇಳಿಯೇ ಕೊಡಿ ಎಂದು ಎರಡು ಸಲ ಹೇಳಿದ್ದಳು. ಹಮೀದರು ಆಸ್ಪತ್ರೆಯ ಗೇಟಿನಲ್ಲಿ ಒಂದು ಪ್ಲಾಸ್ಟಿಕ್ ಕವರು ಹಿಡಿದು ನಿಂತಿದ್ದರು. ಒಳಗೆ ಹೋದೆವು. ನಮ್ಮನ್ನು ಎರಡು ಕುರ್ಚಿಗಳಲ್ಲಿ ಕೂರಿಸಿ ಕಾಯಲು ಹೇಳಿದರು.

ಕೂತ ಮೇಲೆ ಗೊತ್ತಾಯಿತು, ನಾವಿಬ್ಬರೂ ಈ ಮೊದಲು ಎಂದೂ ಒಟ್ಟಿಗೆ ಕೂತದ್ದೇ ಇಲ್ಲ. ನಾನು ಹಮೀದರನ್ನು ಯಾವಾಗಲೂ ಎದುರಿನಿಂದ, ನಡೆಯುತ್ತಿರುವಾಗ ನೋಡಿದವನು. ಪಕ್ಕದಿಂದ ನೋಡಿದರೆ ಬೇರೆ ಯಾರೋ ಅನಿಸಿತು. ಕಿವಿಯ ಹಿಂದೆ ಒಂದು ಹಳೆಯ ಗಾಯದ ಗುರುತಿತ್ತು. ಮೂಗು ನಾನು ತಿಳಿದದ್ದಕ್ಕಿಂತ ಉದ್ದ. ನಡೆಯದೆ ಮಾತಾಡುವುದು ಹೇಗೆ ಎಂದು ಇಬ್ಬರಿಗೂ ತೋಚಲಿಲ್ಲ. ಕೊನೆಗೆ ನಾನು ಆ ಗಾಯ ಯಾವುದು ಎಂದು ಕೇಳಿದೆ. ಚಿಕ್ಕಂದಿನಲ್ಲಿ ಕಾಪುವಿನ ಸಮುದ್ರ ದಂಡೆಯಲ್ಲಿ, ಕವುಚಿ ಹಾಕಿದ ದೋಣಿಯ ಅಡಿಯಲ್ಲಿ ಅಡಗಿ ಕೂತು, ಅಪ್ಪ ಹುಡುಕಿಕೊಂಡು ಬಂದರೆಂದು ಗಾಬರಿಯಲ್ಲಿ ಎದ್ದು ತಲೆ ಹೊಡೆದುಕೊಂಡದ್ದಂತೆ. ಅಪ್ಪ ಬೈಯಲಿಲ್ಲ, ತನ್ನ ಲುಂಗಿಯ ಅಂಚು ಹರಿದು ಕಟ್ಟಿದರು ಎಂದರು. ತಂದೆಯ ಬಗ್ಗೆ ಅವರು ನನ್ನಲ್ಲಿ ಮಾತಾಡಿದ್ದು ಅದೇ ಮೊದಲು. ಅಂದು ಬಸ್ಸಿನಲ್ಲಿ ಜೋಡಿಸಿಕೊಂಡು ಹೇಳದೆ ಉಳಿದದ್ದನ್ನು ನಾನು ಈಗ ಹೇಳಿದೆ. ಹಮೀದರು ತಲೆಯಾಡಿಸಿದರು.

ನರ್ಸ್ ಒಂದು ಹಲಗೆಗೆ ಸಿಕ್ಕಿಸಿದ ಕಾಗದ ತಂದಳು. ಚಿಕ್ಕ ವಯಸ್ಸಿನವಳು, ಕೆಲಸದಲ್ಲಿ ಚುರುಕು. ನನ್ನ ಹೆಸರು, ವಿಳಾಸ, ಫೋನು ಬರೆದೆ. ಒಂದು ಕಡೆ ಪೆನ್ನು ನಿಂತಿತು.

“ಇಲ್ಲಿ ಸಂಬಂಧ ಬರೀಬೇಕು,” ಎಂದಳು. “ನೀವು ಇವರಿಗೆ ಎಂತ ಆಗ್ಬೇಕು?”

“ಒಂದೇ ಆಫೀಸು.”

“ಆಫೀಸು ಸಂಬಂಧ ಆಗುವುದಿಲ್ಲ ಅಂಕಲ್.”

ನಾನು ಹಮೀದರನ್ನು ನೋಡಿದೆ. ಅವರು ಎದುರಿನ ಗೋಡೆಯ ಮೇಲೆ ಕೈ ತೊಳೆಯುವ ವಿಧಾನವನ್ನು ತುಂಬಾ ಗಮನವಿಟ್ಟು ಓದುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ನನ್ನದೂ ಆಗಿದ್ದಿರಬೇಕು. ಸ್ನೇಹಿತ ಎಂದು ಬರೆಯಬಹುದಿತ್ತು, ಆದರೆ ಅದು ಪುಸ್ತಕದ ಮಾತು, ನಮ್ಮ ಕಡೆ ಗಂಡಸರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾವು ಹೇಳುವ ಮಾತು ಬೇರೆ ಉಂಟು. ಅದನ್ನೂ ಎದುರಿಗೆ ಹೇಳಿ ಅಭ್ಯಾಸವಿಲ್ಲ. ಕೈಯಿಂದ ಕಾಗದವನ್ನು ಸ್ವಲ್ಪ ಮರೆ ಮಾಡಿಕೊಂಡು ‘ದೋಸ್ತಿ’ ಎಂದು ಬರೆದೆ. ನರ್ಸ್ ಓದಿ ನೋಡಿದಳು, ಸಹಿ ಹಾಕಿಸಿಕೊಂಡಳು.

ಹಸಿರು ಬಟ್ಟೆ ಹಾಕಿಸಿ, ಹಮೀದರನ್ನು ಗಾಲಿಯ ಮಂಚದ ಮೇಲೆ ಮಲಗಿಸಿ ತಂದರು. ಬಾಗಿಲಿನವರೆಗೆ ನಾನೂ ಪಕ್ಕದಲ್ಲಿ ನಡೆದೆ. “ಹೆದರಿಕೆ ಆಗ್ತದೆ ಆಚಾರ್ರೇ,” ಎಂದರು. “ನನಗೂ ಆಗ್ತದೆ,” ಎಂದೆ. ಧೈರ್ಯ ಹೇಳಬೇಕಾದವನು ಹೀಗೆ ಹೇಳಬಾರದಿತ್ತು, ಆದರೆ ಬಾಯಿಗೆ ಬಂದದ್ದು ಅದೇ. ಅವರು ಕೈ ಚಾಚಿದರು. ನನ್ನ ಬಲಗೈ ಈ ಸಲ ಖಾಲಿ ಇತ್ತು.

ಹೊರಗಿನ ಹಾಲಿನಲ್ಲಿ ಮೂವತ್ತು ನಲವತ್ತು ಮಂದಿ ಕಾಯುತ್ತಿದ್ದರು. ಆಗಾಗ ಬಾಗಿಲು ತೆರೆದು ಕರೆಯುತ್ತಿದ್ದರು. ಸುಶೀಲಾ ಅವರ ಗಂಡ ಯಾರು, ವಿಠಲ ಅವರ ಮಗ ಯಾರು. ಕರೆದವರು ಎದ್ದು ಓಡುತ್ತಿದ್ದರು. ಒಬ್ಬರು ನಗುತ್ತಾ ಬಂದರು, ಒಬ್ಬ ಹೆಂಗಸು ಬಂದು ಗೋಡೆಗೆ ಒರಗಿ ಕೂತುಬಿಟ್ಟರು. ನಾನು ಫ್ಲಾಸ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಮಂಗಳವಾರ ನಿಂತಿದ್ದರೆ ಮೂರು ದಿನ ಆ ಮನುಷ್ಯ ಇದನ್ನು ಒಬ್ಬನೇ ಹೊತ್ತು ತಿರುಗಬೇಕಾಗಿರಲಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಒಂದು ಗಂಟೆ ಆಯಿತು. ಒಂದೂವರೆ ಗಂಟೆ ಆಯಿತು. ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದು, ಹಮೀದರ ದೇವರನ್ನೂ ಒಂದು ಸಲ ಕರೆದೆ.

ಬಾಗಿಲು ತೆರೆಯಿತು. ಅದೇ ನರ್ಸ್. ಹಲಗೆಯ ಕಾಗದ ನೋಡಿಕೊಂಡು ಇಡೀ ಹಾಲಿಗೆ ಕೇಳುವ ಹಾಗೆ, “ಹಮೀದ್ ಅವರ ದೋಸ್ತಿ ಯಾರು?” ಎಂದು ಕೂಗಿದಳು.

ಎಲ್ಲರೂ ತಿರುಗಿ ನೋಡಿದರು.

“ಎಲ್ಲ ಸರಿಯಾಯ್ತು, ನಿಮ್ಮನ್ನು ಕೇಳ್ತಿದ್ದಾರೆ,” ಎಂದು ಅವಳು ಹೇಳುವ ಮೊದಲೇ ನಾನು ಎದ್ದು ನಿಂತು, “ನಾನು” ಎಂದಿದ್ದೆ.